ಆರು ಮುಖದ ನಳಿಗೆ: ಸೈನಿಕ ನಿಖರತೆಯ ಆರಂಭದ ಇತಿಹಾಸ

ಮರೆಯಲ್ಲಿ ಕುಳಿತು, ದೂರದ ಒಬ್ಬನೇ ಒಬ್ಬ ವ್ಯಕ್ತಿಯನ್ನು ಆಯ್ದು ಗುಂಡು ಹಾರಿಸುವ ಯೋಧನನ್ನು ಇಂದಿನ ಕನ್ನಡ ಪತ್ರಿಕೆಗಳು ‘ಸ್ನೈಪರ್’ ಎಂದೇ ಕರೆಯುತ್ತವೆ. ಪದ ಇಂಗ್ಲಿಷಿನದಾದರೂ ಅದರ ಹುಟ್ಟಿಗೆ ಭಾರತದ ಕೆಸರುಗದ್ದೆಗಳ ನಂಟಿದೆ. ಸ್ನೈಪ್ ಎಂಬುದು ಉದ್ದ ಕೊಕ್ಕಿನ, ನೆಲದ ಬಣ್ಣದೊಡನೆ ಬೆರೆತುಹೋಗುವ, ಎದ್ದೊಡನೆ ಅಂಕುಡೊಂಕಾಗಿ ಹಾರುವ ಒಂದು ಹಕ್ಕಿ. 1770ರ ದಶಕದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ತಾಯ್ನಾಡಿಗೆ ಬರೆದ ಪತ್ರಗಳಲ್ಲಿ ಈ ಹಕ್ಕಿಯ ಬೇಟೆಗೆ ‘ಸ್ನೈಪಿಂಗ್’ ಎಂಬ ಮಾತು ಬಳಕೆಯಾಗಿದೆ. ಹಕ್ಕಿಗೆ ಸಂಬಂಧಿಸಿದ ಪದ ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯನತ್ತ ತಿರುಗಿತು. 1914ರ ಮಹಾಯುದ್ಧದ ವರದಿಗಳ ಮೂಲಕ ಜನಬಳಕೆಗೆ ಬಂದಿತು. ಅದಕ್ಕೆ ಮುಂಚೆ ಇಂಗ್ಲಿಷಿನಲ್ಲಿ ಚಲಾವಣೆಯಲ್ಲಿದ್ದುದು ಜರ್ಮನ್ ಮಾದರಿಯ ‘ಶಾರ್ಪ್‌ಶೂಟರ್’. ಕನ್ನಡದಲ್ಲಿ ‘ಗುರಿಕಾರ’ ಎಂಬ ಹಳೆಯ ಪದವಿದೆಯಾದರೂ ಕಾಸರಗೋಡು ಮತ್ತು ತುಳುನಾಡಿನ ಓದುಗರಿಗೆ ಅದು ಮೊದಲು ಸೂಚಿಸುವುದು ಸಮುದಾಯದ ಮುಖ್ಯಸ್ಥನನ್ನು. ಆದುದರಿಂದ ಇಲ್ಲಿ ‘ಗುರಿಗಾರ’ ಎಂಬ ರೂಪವನ್ನು ಬಳಸಲಾಗಿದೆ.

ಗುರಿಗಾರನ ಬಂದೂಕಿನ ಇತಿಹಾಸವನ್ನು ಸಾಮಾನ್ಯವಾಗಿ ಆವಿಷ್ಕಾರಗಳ ಸರಣಿಯಾಗಿ ನಿರೂಪಿಸಲಾಗುತ್ತದೆ: ಒಂದು ನಳಿಗೆಗಿಂತ ಇನ್ನೊಂದು ನಳಿಗೆ ಮೇಲು, ಒಂದು ಗುಂಡಿಗಿಂತ ಮತ್ತೊಂದು ಗುಂಡು ಮೇಲು ಎಂಬ ಏರುಗತಿಯ ಕಥನವಾಗಿ. ಆದರೆ ಆಧಾರಗಳು ತೋರುವ ಚಿತ್ರ ಅಷ್ಟು ಸರಳವಲ್ಲ. ದೂರಕ್ಕೆ ನಿಖರವಾಗಿ ಹೊಡೆಯಬಲ್ಲ ಬಂದೂಕು ಬೇಕಾದ ಕಾಲಕ್ಕೆ ಬಹಳ ಮೊದಲೇ ಸಿದ್ಧವಾಗಿತ್ತು. ಸೈನ್ಯಗಳು ಅದನ್ನು ಪರೀಕ್ಷಿಸಿ, ಮೆಚ್ಚಿ, ಬದಿಗಿಟ್ಟವು. ನಿಖರತೆಯನ್ನು ಸಾಧಿಸುವುದು ಹೇಗೆ ಎಂಬ ಪ್ರಶ್ನೆಗಿಂತ, ಅದನ್ನು ಯಾರ ಕೈಗೆ, ಯಾವ ಬೆಲೆಗೆ ಕೊಡಬೇಕು ಎಂಬ ಪ್ರಶ್ನೆಯೇ ಈ ಇತಿಹಾಸವನ್ನು ರೂಪಿಸಿದೆ. ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ಜೋಸೆಫ್ ವಿಟ್ವರ್ತ್ ರೂಪಿಸಿದ ಆರು ಮುಖದ ನಳಿಗೆಯ ಬಂದೂಕು ಇದಕ್ಕೆ ಅತ್ಯುತ್ತಮ ನಿದರ್ಶನ.

ಸಾಲುಪಡೆಯ ಯುಗ

ಹದಿನೆಂಟನೆಯ ಶತಮಾನದ ಯುರೋಪಿನ ಕಾಲಾಳಿನ ಆಯುಧ ಮಸ್ಕೆಟ್. ಅದರ ನಳಿಗೆಯ ಒಳಮೈ ನುಣುಪಾಗಿರುತ್ತಿತ್ತು. ಬ್ರಿಟಿಷ್ ಸೈನ್ಯದ ‘ಬ್ರೌನ್ ಬೆಸ್’ ನಳಿಗೆಯ ವ್ಯಾಸ ಮುಕ್ಕಾಲು ಅಂಗುಲ. ಬೇಗ ತುಂಬಲು ಅನುಕೂಲವಾಗಲೆಂದು ಸೀಸದ ಗುಂಡನ್ನು ಅದಕ್ಕಿಂತ ಚಿಕ್ಕದಾಗಿಯೇ ಎರಕ ಹೊಯ್ಯಲಾಗುತ್ತಿತ್ತು. ಸಡಿಲವಾದ ಗುಂಡು ನಳಿಗೆಯ ಗೋಡೆಗಳಿಗೆ ತಾಗುತ್ತ ಹೊರಬಿದ್ದು, ಕೊನೆಯ ತಾಗು ಎತ್ತ ತಳ್ಳಿತೋ ಅತ್ತ ಹೋಗುತ್ತಿತ್ತು. ನೂರು ಗಜಗಳ ಆಚೆ ಒಬ್ಬ ವ್ಯಕ್ತಿಗೆ ಗುರಿಯಿಡುವುದು ವ್ಯರ್ಥವೆಂದೇ ಅಂದಿನ ಎಣಿಕೆ. ಆ ದೋಷವನ್ನು ಸೈನ್ಯವು ಸಂಖ್ಯೆಯಿಂದ ತುಂಬಿಕೊಂಡಿತ್ತು: ಭುಜಕ್ಕೆ ಭುಜ ತಾಗಿಸಿ ನಿಂತ ಸಾಲು, ಎದುರಿನ ಸಾಲಿನತ್ತ ಒಂದೇ ಆಜ್ಞೆಗೆ ಗುಂಡು ಹಾರಿಸುವುದು. ಅಲ್ಲಿ ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ಮುಖವಿರಲಿಲ್ಲ.

ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ಹೊರಟು ದಾರಿ ತಪ್ಪದು ಎಂಬ ಅರಿವು ಮಧ್ಯ ಯುರೋಪಿನ ಕಮ್ಮಟಗಳಲ್ಲಿ ಹದಿನಾರನೆಯ ಶತಮಾನದ ವೇಳೆಗೇ ಇತ್ತು. ಬೇಟೆಗಾರರು ಇಂತಹ ರೈಫಲ್‌ಗಳನ್ನು ಬಳಸುತ್ತಿದ್ದರು. ಆದರೆ ಗೀರುಗಳು ಗುಂಡನ್ನು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಂದ ತಳದವರೆಗೆ ಗಜಕಡ್ಡಿಯಿಂದ ತಳ್ಳಲು ಸಮಯ ಬೇಕು. ಕಾಡಿನಲ್ಲಿ ಆ ಸಮಯವಿತ್ತು, ರಣರಂಗದಲ್ಲಿ ಇರಲಿಲ್ಲ.

ಈ ಬಿಕ್ಕಟ್ಟನ್ನು ಬಿಡಿಸಲು ಸ್ಕಾಟ್‌ಲೆಂಡಿನ ಅಧಿಕಾರಿ ಪ್ಯಾಟ್ರಿಕ್ ಫರ್ಗುಸನ್ ನಳಿಗೆಯ ಹಿಂಬದಿಯಿಂದಲೇ ಗುಂಡು ತುಂಬುವ ರೈಫಲ್ ಒಂದನ್ನು ಸುಧಾರಿಸಿ 1776ರಲ್ಲಿ ವೂಲಿಚ್‌ನಲ್ಲಿ ಪ್ರದರ್ಶಿಸಿದನು. ಕುದುರೆಯ ಕಾಪಿನ ಪಟ್ಟಿಯನ್ನು ಒಂದು ಸುತ್ತು ತಿರುಗಿಸಿದರೆ ತಿರುಪಿನ ಬಿರಡೆ ಇಳಿದು ತಳದ ಬಾಯಿ ತೆರೆಯುತ್ತಿತ್ತು. ಸುಮಾರು ನೂರು ಬಂದೂಕುಗಳಷ್ಟೇ ತಯಾರಾದವು. ಮರುವರ್ಷ ಅಮೆರಿಕದ ಬ್ರಾಂಡಿವೈನ್ ಕಾಳಗದಲ್ಲಿ ಫರ್ಗುಸನ್‌ನ ಮೊಳಕೈಗೆ ಗುಂಡು ತಗುಲಿ, ಅವನ ಪುಟ್ಟ ತುಕಡಿ ಚದುರಿಹೋಯಿತು. ಆ ಕಾಳಗದ ಹೊತ್ತಿನ ಒಂದು ಘಟನೆಯನ್ನು ಅವನು ಪತ್ರದಲ್ಲಿ ದಾಖಲಿಸಿದ್ದಾನೆ: ಕುದುರೆಯೇರಿ ಹತ್ತಿರ ಬಂದಿದ್ದ ಶತ್ರು ಅಧಿಕಾರಿಯೊಬ್ಬ ಬೆನ್ನು ತಿರುಗಿಸಿ ನಿಧಾನವಾಗಿ ಸಾಗಿದಾಗ, ತನ್ನ ಪಾಡಿಗೆ ತಾನು ಕರ್ತವ್ಯ ಮಾಡುತ್ತಿದ್ದವನ ಬೆನ್ನಿಗೆ ಹೊಡೆಯಲು ಅವನಿಗೆ ಮನಸ್ಸು ಬರಲಿಲ್ಲ. ಆ ಅಧಿಕಾರಿ ಜಾರ್ಜ್ ವಾಷಿಂಗ್ಟನ್ನನೇ ಎಂಬ ಐತಿಹ್ಯಕ್ಕೆ ದೃಢವಾದ ಆಧಾರವಿಲ್ಲ. ಆದರೆ ನಿಖರವಾದ ಆಯುಧವು ತನ್ನ ಜೊತೆಗೇ ತರುವ ನೈತಿಕ ಪ್ರಶ್ನೆ ಅದರ ಆರಂಭಕಾಲದಲ್ಲಿಯೇ ಎದ್ದಿತ್ತು ಎಂಬುದಕ್ಕೆ ಆ ಪತ್ರ ಸಾಕ್ಷಿ.

1800ರಲ್ಲಿ ಬ್ರಿಟಿಷ್ ಸೈನ್ಯವು ಇಜೆಕಿಲ್ ಬೇಕರ್ ರೂಪಿಸಿದ ರೈಫಲ್ ಅನ್ನು ಹೊಸದಾಗಿ ಕಟ್ಟಿದ ರೈಫಲ್ ದಳಕ್ಕೆ ನೀಡಿತು. ಏಳು ಗೀರುಗಳ ಅದರ ನಳಿಗೆ 30 ಅಂಗುಲ ಉದ್ದ. ಅಷ್ಟರಲ್ಲಿ ಗೀರು ಕಾಲು ಸುತ್ತು ಮಾತ್ರ ತಿರುಗುತ್ತಿತ್ತು. ಹಸಿರು ಉಡುಪಿನ, ಚದುರಿ ಹೋರಾಡುವ ಈ ದಳ ನೆಪೋಲಿಯನ್ ಕಾಲದ ಯುದ್ಧಗಳಲ್ಲಿ 200 ಗಜಗಳ ದೂರದಲ್ಲಿಯೂ ಪರಿಣಾಮಕಾರಿಯಾಯಿತು. ಆದರೂ ಸೈನ್ಯದ ಬಹುಭಾಗ ಮಸ್ಕೆಟ್ ಹಿಡಿದೇ ಸಾಲಿನಲ್ಲಿ ನಿಂತಿತ್ತು. ನಿಖರತೆ ಆಯ್ದ ಕೆಲವರಿಗೆ, ಸಂಖ್ಯೆ ಉಳಿದ ಎಲ್ಲರಿಗೆ ಎಂಬ ವಿಭಜನೆ ಹೀಗೆ ಶುರುವಾಯಿತು.

ಮ್ಯಾಂಚೆಸ್ಟರಿನ ಪ್ರಯೋಗ

1849ರಲ್ಲಿ ಫ್ರೆಂಚ್ ಅಧಿಕಾರಿ ಮಿನಿಯೆ ಹಿಂದಿನವರ ಪ್ರಯತ್ನಗಳನ್ನು ಮುಂದುವರಿಸಿ ರೂಪಿಸಿದ ಗುಂಡು ಈ ವಿಭಜನೆಯನ್ನು ಅಳಿಸುವಂತೆ ಕಂಡಿತು. ಮೊನಚು ಮೂತಿಯ, ತಳ ಟೊಳ್ಳಾದ ಆ ಗುಂಡು ನಳಿಗೆಯೊಳಗೆ ಸಲೀಸಾಗಿ ಜಾರುತ್ತಿತ್ತು. ಮದ್ದು ಸಿಡಿದಾಗ ತಳ ಹಿಗ್ಗಿ ಗೀರುಗಳನ್ನು ಕಚ್ಚುತ್ತಿತ್ತು. ಇದೇ ತತ್ತ್ವವನ್ನು ಅನುಸರಿಸಿ ಬ್ರಿಟನ್ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಅನ್ನು ಇಡೀ ಸೈನ್ಯಕ್ಕೆ ಕೊಡಲು ಹೊರಟಿತು. ಅದರ ನಳಿಗೆಯ ವ್ಯಾಸ 0.577 ಅಂಗುಲ, ಗೀರುಗಳು ಮೂರು. ಒಂದು ಪೂರ್ಣ ಸುತ್ತಿಗೆ 78 ಅಂಗುಲ.

ಈ ಬಂದೂಕನ್ನು ಯಂತ್ರಗಳಿಂದ ತಯಾರಿಸುವ ಬಗೆಯನ್ನು ತಿಳಿಯಲು, ಹಿಂದೆ ಭಾರತದ ಗವರ್ನರ್ ಜನರಲ್ ಆಗಿದ್ದು ಆಗ ಬ್ರಿಟಿಷ್ ಸೈನ್ಯದ ಮಹಾದಂಡನಾಯಕನಾಗಿದ್ದ ಲಾರ್ಡ್ ಹಾರ್ಡಿಂಜ್ 1854ರಲ್ಲಿ ವಿಟ್ವರ್ತ್‌ನ ನೆರವು ಕೋರಿದನು. ವಿಟ್ವರ್ತ್ ಬಂದೂಕುಗಾರನಲ್ಲ, ಅಳತೆಗಾರ. ತಿರುಪುಗಳ ಎಳೆಗೆ 1841ರಲ್ಲಿ ಅವನು ಸೂಚಿಸಿದ ಏಕರೂಪದ ಪ್ರಮಾಣ ಬ್ರಿಟನ್ನಿನಾದ್ಯಂತ ನೆಲೆಗೊಂಡಿತು. ಅಂಗುಲದ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸುವ ಅಳತೆಯಂತ್ರವನ್ನು ಅವನು ಕಟ್ಟಿದ್ದನು. ಹಾರ್ಡಿಂಜ್‌ನ ಕೋರಿಕೆಗೆ ಅವನ ಉತ್ತರ ಅವನ ಸ್ವಭಾವಕ್ಕೆ ತಕ್ಕಂತೆಯೇ ಇತ್ತು. ಒಳ್ಳೆಯ ನಳಿಗೆ ಯಾವುದೆಂದು ನಿಶ್ಚಯವಾಗದೆ ಅದನ್ನು ತಯಾರಿಸುವ ಯಂತ್ರವನ್ನು ರೂಪಿಸುವುದು ಹೇಗೆ? ಸರಕಾರದ ಖರ್ಚಿನಲ್ಲಿ ಅವನ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಗುಂಡುಹಾರಾಟದ ಓಣಿಯೊಂದು ಎದ್ದಿತು. ಬಿರುಗಾಳಿಗೆ ಅದು ಒಮ್ಮೆ ಕುಸಿದು ಮತ್ತೆ ನಿರ್ಮಾಣವಾಯಿತು. ಗುಂಡು ಸಾಗುವ ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ಕಟ್ಟಿ, ಅವುಗಳಲ್ಲಿ ಬಿದ್ದ ತೂತುಗಳಿಂದ ಗುಂಡಿನ ನಡೆಯನ್ನು ಓದಲಾಯಿತು.

ಪ್ರಯೋಗಗಳ ಫಲವಾಗಿ ಹುಟ್ಟಿದ್ದು ಆರು ಮುಖದ ಒಳಮೈಯುಳ್ಳ ನಳಿಗೆ. ಅದರಲ್ಲಿ ಬೇರೆ ಗೀರುಗಳಿಲ್ಲ. ಷಡ್ಭುಜವೇ ತಿರುಚಿಕೊಂಡು ಸಾಗುತ್ತದೆ. ಎದುರುಬದುರಿನ ಮುಖಗಳ ಅಂತರ 0.451 ಅಂಗುಲ, ಒಂದು ಪೂರ್ಣ ಸುತ್ತಿಗೆ 20 ಅಂಗುಲ ಮಾತ್ರ. ಗುಂಡಿನ ತೂಕ ಎನ್‌ಫೀಲ್ಡ್ ಗುಂಡಿನಷ್ಟೇ, ಸುಮಾರು 530 ಗ್ರೇನ್. ಆದರೆ ವ್ಯಾಸ ಕಡಿಮೆಯಾದುದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಯಿತು. ಸಪೂರವಾದ ಉದ್ದನೆಯ ಗುಂಡಿಗೆ ಗಾಳಿಯ ತಡೆ ಕಡಿಮೆ. ಅದು ವೇಗವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಆದರೆ ಉದ್ದನೆಯ ಗುಂಡು ಪಲ್ಟಿ ಹೊಡೆಯದಿರಬೇಕಾದರೆ ಅದನ್ನು ಹೆಚ್ಚು ವೇಗವಾಗಿ ತಿರುಗಿಸಬೇಕು; ಬಿಗಿಯಾದ ಸುರುಳಿಯ ಅಗತ್ಯ ಬಂದದ್ದು ಇದರಿಂದ. ವ್ಯಾಸ, ಉದ್ದ, ಸುತ್ತು ಇವು ಒಂದನ್ನೊಂದು ನಿರ್ಧರಿಸುತ್ತವೆ ಎಂಬುದನ್ನು ಪ್ರಯೋಗದಿಂದ ಕ್ರಮಬದ್ಧವಾಗಿ ತೋರಿಸಿದ್ದು ವಿಟ್ವರ್ತ್‌ನ ನಿಜವಾದ ಕೊಡುಗೆ. ಷಡ್ಭುಜದ ಆಕಾರವೇ ಅದರ ಗುಟ್ಟೆಂದು ಜನ ಭಾವಿಸಿದರೂ ಆಕಾರಕ್ಕಿಂತ ಈ ಅನುಪಾತಗಳೇ ಮುಖ್ಯವಾಗಿದ್ದವು.

1857ರ ಏಪ್ರಿಲಿನಲ್ಲಿ ಹೈತ್‌ನ ಬಂದೂಕು ಶಾಲೆಯಲ್ಲಿ ಎರಡೂ ರೈಫಲ್‌ಗಳ ಹೋಲಿಕೆಯ ಪರೀಕ್ಷೆ ನಡೆಯಿತು. ಗುಂಡುಗಳು ತಮ್ಮ ಗುಂಪಿನ ಕೇಂದ್ರದಿಂದ ಸರಾಸರಿ ಎಷ್ಟು ಚದುರಿದವು ಎಂಬುದೇ ಅಳತೆಗೋಲು. 500 ಗಜಗಳಲ್ಲಿ ಎನ್‌ಫೀಲ್ಡ್‌ನ ಚದುರಿಕೆ 2.24 ಅಡಿ, ವಿಟ್ವರ್ತ್‌ನದು 0.37 ಅಡಿ. 800 ಗಜಗಳಲ್ಲಿ ಕ್ರಮವಾಗಿ 4.11 ಅಡಿ ಮತ್ತು 1 ಅಡಿ. ಎನ್‌ಫೀಲ್ಡ್ ಕೈಚೆಲ್ಲಿದ 1,400 ಗಜಗಳಲ್ಲಿಯೂ ವಿಟ್ವರ್ತ್ ತನ್ನ ಗುಂಡುಗಳನ್ನು ಐದು ಅಡಿಗಳೊಳಗೆ ಹಿಡಿದಿಟ್ಟಿತು. ಗೆಲುವು ಸಂದೇಹಕ್ಕೆ ಎಡೆಯಿಲ್ಲದ್ದು. 1860ರ ಜುಲೈ 2ರಂದು ವಿಂಬಲ್ಡನ್‌ನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟವನ್ನು ಉದ್ಘಾಟಿಸಲು ವಿಕ್ಟೋರಿಯಾ ರಾಣಿ ದಾರವನ್ನೆಳೆದು ಹಾರಿಸಿದ್ದು ಯಂತ್ರದ ಪೀಠಕ್ಕೆ ಬಿಗಿದ ವಿಟ್ವರ್ತ್ ರೈಫಲ್ ಅನ್ನೇ. 400 ಗಜಗಳಲ್ಲಿ ಗುಂಡು ಕೇಂದ್ರದಿಂದ ಒಂದೂವರೆ ಅಂಗುಲದೊಳಗೆ ತಗುಲಿತು.

ಆದರೂ ಸೈನ್ಯ ಅದನ್ನು ಸ್ವೀಕರಿಸಲಿಲ್ಲ. ಕಪ್ಪು ಮದ್ದು ಉರಿದಾಗ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಸಡಿಲವಾದ ಎನ್‌ಫೀಲ್ಡ್ ಅದನ್ನು ಸಹಿಸುತ್ತಿತ್ತು, ಬಿಗಿಯಾದ ವಿಟ್ವರ್ತ್‌ನಲ್ಲಿ ಕೆಲವು ಸುತ್ತುಗಳ ಬಳಿಕ ಗುಂಡು ತಳ್ಳುವುದೇ ಕಷ್ಟ. ಬೆಲೆಯೂ ಎನ್‌ಫೀಲ್ಡ್‌ಗಿಂತ ಹಲವು ಪಟ್ಟು. ನಿಖರತೆಗೆ ಕಾರಣವಾದ ಬಿಗಿಯೇ ಕೊಳೆಗೆ ಆಸ್ಪದವಾಯಿತು. ಗುಣ ಮತ್ತು ದೋಷ ಒಂದೇ ಬೇರಿನಿಂದ ಹುಟ್ಟಿದವು. ಈ ಬಂದೂಕುಗಳ ಮುಂದಿನ ಚರಿತ್ರೆಯಲ್ಲಿಯೂ ಇದೇ ಸಂಗತಿ ಮರುಕಳಿಸುತ್ತದೆ.

ಕೊರೆದು ತೆಗೆದ ಗೀರುಗಳು

ಹೈತ್‌ನ ಪರೀಕ್ಷೆ ನಡೆದ ಮರುತಿಂಗಳು ಮೀರತ್‌ನಲ್ಲಿ ದಂಗೆಯೆದ್ದಿತು. ಎನ್‌ಫೀಲ್ಡ್‌ನ ಕೊಬ್ಬು ಸವರಿದ ತೋಟಾ ಆ ದಂಗೆಯ ನಿಮಿತ್ತಗಳಲ್ಲಿ ಒಂದಾಗಿತ್ತೆಂಬುದು ಸರ್ವವಿದಿತ. ಅಷ್ಟಾಗಿ ಚರ್ಚೆಗೆ ಬಾರದಿರುವುದು ದಂಗೆಯ ನಂತರ ನಡೆದದ್ದು. ಭಾರತೀಯ ಸಿಪಾಯಿಗಳಿಗಾಗಿ 1858 ಮತ್ತು 1859ರ ಮಾದರಿಗಳೆಂಬ ಹೆಸರಿನಲ್ಲಿ, ಹೊರನೋಟಕ್ಕೆ ಎನ್‌ಫೀಲ್ಡ್‌ನಂತೆಯೇ ಇರುವ, ಆದರೆ ಒಳಗೆ ಗೀರುಗಳಿಲ್ಲದ ನುಣುಪು ನಳಿಗೆಯ ಮಸ್ಕೆಟ್‌ಗಳು ತಯಾರಾದವು. ದೂರದ ಗುರಿಗೆ ಹೊಂದಿಸುವ ಸಾಧನವನ್ನೂ ಅವುಗಳಿಂದ ಕಳಚಲಾಗಿತ್ತು. ನಂತರದ ದಶಕಗಳಲ್ಲಿಯೂ ಭಾರತೀಯ ಪಡೆಗಳಿಗೆ ಬ್ರಿಟಿಷ್ ಪಡೆಗಳಿಗಿಂತ ಒಂದು ತಲೆಮಾರು ಹಿಂದಿನ ಬಂದೂಕು ಕೊಡುವುದೇ ರೂಢಿಯಾಯಿತು. ಇಲ್ಲಿ ನಿಖರತೆಯನ್ನು ಹಿಂತೆಗೆದುದು ಮಸಿಯ ಕಾರಣಕ್ಕಲ್ಲ, ಬೆಲೆಯ ಕಾರಣಕ್ಕೂ ಅಲ್ಲ. ಹಿಡಿಯುವ ಕೈಯ ಕಾರಣಕ್ಕೆ. ನಳಿಗೆಯೊಳಗಿನ ಗೀರು ವಿಶ್ವಾಸದ ಅಳತೆಯೂ ಆಗಿತ್ತು.

ಅಮೆರಿಕದಲ್ಲಿ ಒದಗಿದ ಅವಕಾಶ

ಬ್ರಿಟನ್ ಬದಿಗಿಟ್ಟ ವಿಟ್ವರ್ತ್ ರೈಫಲ್‌ಗೆ ಯುದ್ಧದ ಅವಕಾಶ ಒದಗಿದ್ದು 1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಲ್ಲಿ. ದಕ್ಷಿಣದ ಒಕ್ಕೂಟವು ಸಮುದ್ರ ದಿಗ್ಬಂಧನವನ್ನು ತಪ್ಪಿಸಿ ಬರುವ ಹಡಗುಗಳಲ್ಲಿ ಅಲ್ಪ ಸಂಖ್ಯೆಯ ವಿಟ್ವರ್ತ್‌ಗಳನ್ನು ತರಿಸಿಕೊಂಡಿತು. ಇಡೀ ಸೈನ್ಯಕ್ಕೆ ಕೊಡುವ ಶಕ್ತಿ ಅದಕ್ಕಿರಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಉತ್ತಮ ಗುರಿಗಾರರಿಗೆ ಮಾತ್ರ ಅವನ್ನು ಹಂಚಲಾಯಿತು. ಸಾಲಿನಲ್ಲಿ ನಿಂತು ನಿರಂತರ ಹಾರಿಸುವ ಹಂಗಿಲ್ಲದವನಿಗೆ ಮಸಿಯ ತೊಂದರೆ ದೊಡ್ಡದಲ್ಲ. ಪ್ರತಿ ಗುಂಡಿನ ಬಳಿಕ ನಳಿಗೆಯನ್ನು ಒರೆಸಿಕೊಳ್ಳಲು ಅವನಿಗೆ ಬಿಡುವಿದೆ. ಬಂದೂಕಿನ ದೋಷ ಬಳಕೆಯ ಕ್ರಮ ಬದಲಾದೊಡನೆ ಕರಗಿತು.

ಕೆಲವು ವಿಟ್ವರ್ತ್‌ಗಳ ಎಡಮಗ್ಗುಲಿಗೆ ನಾಲ್ಕು ಪಟ್ಟು ಹಿಗ್ಗಿಸಿ ತೋರುವ ದೂರದರ್ಶಕವಿತ್ತು. ಅದನ್ನು ರೂಪಿಸಿದ ಡೇವಿಡ್ ಡೇವಿಡ್‌ಸನ್ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಅಧಿಕಾರಿ. ಉತ್ತರದ ಪಡೆಯಲ್ಲಿ ಹೈರಮ್ ಬರ್ಡನ್ ಕಟ್ಟಿದ ಗುರಿಗಾರ ದಳಕ್ಕೆ ಸೇರಬೇಕಾದರೆ 200 ಗಜಗಳಲ್ಲಿ ಹತ್ತು ಗುಂಡುಗಳ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕಿತ್ತು. ಆರಂಭದಲ್ಲಿ ಕೆಲವರು ನಳಿಗೆಯಷ್ಟೇ ಉದ್ದದ ದೂರದರ್ಶಕವುಳ್ಳ ಸ್ಪರ್ಧೆಯ ಬಂದೂಕುಗಳನ್ನು ತಂದರು. 30 ಪೌಂಡಿನವರೆಗೆ ತೂಗುತ್ತಿದ್ದ ಅವು ಮುತ್ತಿಗೆಗೆ ಸರಿ, ನಡಿಗೆಗೆ ಹೊರೆ. ಬಳಿಕ ದಳವು ಹಿಂಬದಿಯಿಂದ ತುಂಬುವ ಶಾರ್ಪ್ಸ್ ರೈಫಲ್‌ಗೆ ತಿರುಗಿತು.

1864ರ ಮೇ 9ರಂದು ಸ್ಪಾಟ್ಸಿಲ್ವೇನಿಯದಲ್ಲಿ ಉತ್ತರದ ಆರನೆಯ ದಳದ ದಂಡನಾಯಕ ಜಾನ್ ಸೆಜ್‌ವಿಕ್, ದೂರದಿಂದ ಬರುತ್ತಿದ್ದ ಗುಂಡುಗಳಿಗೆ ತಲೆ ತಗ್ಗಿಸುತ್ತಿದ್ದ ತನ್ನವರನ್ನು ಹಾಸ್ಯ ಮಾಡುತ್ತ, ಅಷ್ಟು ದೂರದಿಂದ ಆನೆಗೂ ಗುಂಡು ತಗುಲದೆಂದು ಹೇಳಿದ್ದನು. ಕೆಲವೇ ಕ್ಷಣಗಳಲ್ಲಿ ಗುಂಡು ಅವನ ಮುಖಕ್ಕೆ ತಗುಲಿತು. ಅದು ವಿಟ್ವರ್ತ್ ರೈಫಲ್‌ನಿಂದ ಬಂದುದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸೆಜ್‌ವಿಕ್‌ನ ಮಾತು ಅಜ್ಞಾನದ್ದಲ್ಲ. ಮಸ್ಕೆಟ್‌ನ ಕಾಲದ ಅನುಭವದಿಂದ ಬಂದದ್ದು. ಒಂದು ತಲೆಮಾರಿನ ದೂರದ ಕಲ್ಪನೆಯೇ ಅಂದು ಹಳತಾಗಿತ್ತು.

ಈ ಬದಲಾವಣೆಯ ಇನ್ನೊಂದು ಮುಖವನ್ನು ಕಂಡವನು ಚಿತ್ರಕಾರ ವಿನ್ಸ್‌ಲೋ ಹೋಮರ್. ಮರದ ಕೊಂಬೆಯ ಮೇಲೆ ಕುಳಿತು ದೂರದರ್ಶಕದ ಬಂದೂಕಿನಿಂದ ಗುರಿಯಿಡುತ್ತಿರುವ ಯೋಧನ ಅವನ ಚಿತ್ರ 1862ರ ನವೆಂಬರಿನಲ್ಲಿ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ದಶಕಗಳ ಬಳಿಕ, 1896ರ ಪತ್ರವೊಂದರಲ್ಲಿ, ಯುದ್ಧಕಾಲದಲ್ಲಿ ತಾನೂ ಅಂತಹ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದ್ದನ್ನು ಅವನು ನೆನೆದಿದ್ದಾನೆ. ಸೈನ್ಯದಲ್ಲಿ ಕಂಡದ್ದರಲ್ಲಿ ಕೊಲೆಗೆ ಅತಿ ಹತ್ತಿರವಾದದ್ದು ಅದೇ ಎಂದು ಅವನಿಗೆ ಅನಿಸಿತ್ತು. ಸಾಲುಪಡೆಯಲ್ಲಿ ಅಳಿಸಿಹೋಗಿದ್ದ ಮುಖವನ್ನು ಮಸೂರ ಮರಳಿ ತಂದಿತ್ತು, ಗುಂಡು ಹಾರುವ ಮುನ್ನಿನ ಕ್ಷಣಕ್ಕಾಗಿ ಮಾತ್ರ.

ಕಂದಕಗಳ ಪಾಠ

ವಿಟ್ವರ್ತ್‌ನ ಅನುಪಾತಗಳು ಕಾಲಾಂತರದಲ್ಲಿ ಗೆದ್ದವು. 1871ರ ಮಾರ್ಟಿನಿ-ಹೆನ್ರಿ ರೈಫಲ್‌ನ ನಳಿಗೆ 0.45 ಅಂಗುಲ, ಸುತ್ತು 22 ಅಂಗುಲ. ಷಡ್ಭುಜ ಮಾತ್ರ ಉಳಿಯಲಿಲ್ಲ. 1884ರಲ್ಲಿ ಪಾಲ್ ವಿಯೇಯ್ ರೂಪಿಸಿದ ಹೊಗೆರಹಿತ ಮದ್ದು ಮಸಿಯ ಸಮಸ್ಯೆಯನ್ನು ಬಹುಮಟ್ಟಿಗೆ ನೀಗಿತು. ಜೊತೆಗೆ, ಅಡಗಿ ಕುಳಿತವನ ತಾಣವನ್ನು ಬಯಲು ಮಾಡುತ್ತಿದ್ದ ಹೊಗೆಯ ಮೋಡವನ್ನೂ ಇಲ್ಲವಾಗಿಸಿತು. ಗುರಿಗಾರನಿಗೆ ಬೇಕಾದ ಸಾಮಗ್ರಿಗಳೆಲ್ಲ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಇದ್ದವು. ಆದರೂ 1914ರಲ್ಲಿ ಬ್ರಿಟಿಷ್ ಸೈನ್ಯದ ಬಳಿ ದೂರದರ್ಶಕ ಜೋಡಿಸಿದ ಬಂದೂಕಿನ ವ್ಯವಸ್ಥೆಯಿರಲಿಲ್ಲ. ಅದೇ ವರ್ಷ ಮಾರ್ಸೇಲ್ಸ್‌ನಲ್ಲಿ ಇಳಿದ ಭಾರತೀಯ ಪಡೆಗಳಿಗಂತೂ ಹೊಸ ಮಾದರಿಯ ಸಾಮಾನ್ಯ ಬಂದೂಕು ದೊರೆತದ್ದೇ ಫ್ರಾನ್ಸಿನ ನೆಲದ ಮೇಲೆ.

ಜರ್ಮನಿಗೆ ಬೇಟೆಯ ಪರಂಪರೆ ನೆರವಾಯಿತು. ಶ್ರೀಮಂತರ ಮತ್ತು ಅರಣ್ಯಾಧಿಕಾರಿಗಳ ದೂರದರ್ಶಕವುಳ್ಳ ಬೇಟೆ ಬಂದೂಕುಗಳನ್ನು ಸಂಗ್ರಹಿಸಿ ಮೊದಲು ರಣಾಂಗಣಕ್ಕೆ ಕಳುಹಿಸಲಾಯಿತು. ಆದರೆ ಅವುಗಳಲ್ಲಿ ಅನೇಕವು 1888ರ ಹಳೆಯ ತೋಟಾಕ್ಕೆ ಹೊಂದುವಂಥವು. ಸೈನ್ಯದ ಹೊಸ ಚೂಪು ಗುಂಡು ಅವುಗಳ ನಳಿಗೆಗೆ ದಪ್ಪವಾಗುತ್ತಿತ್ತು. ಬೇಟೆಯ ಆಯುಧ ತಾನಾಗಿಯೇ ಸೈನಿಕ ಆಯುಧವಾಗದು ಎಂಬುದು ಅರಿವಾದಾಗ, ತಯಾರಾದ ಗೆವೆರ್ 98 ರೈಫಲ್‌ಗಳಲ್ಲಿ ಪರೀಕ್ಷೆಯಿಂದ ಉತ್ತಮವೆನಿಸಿದವನ್ನು ಆರಿಸಿ ದೂರದರ್ಶಕ ಜೋಡಿಸುವ ಕ್ರಮ ಬಂದಿತು.

ಬ್ರಿಟಿಷರ ಪರಿಹಾರಗಳು ತಡವಾಗಿ, ಚೂರುಚೂರಾಗಿ ಬಂದವು. ಮೊದಲು ನಳಿಗೆಯ ತುದಿಗೆ ಮಸೂರ ಸಿಕ್ಕಿಸುವ ಸರಳ ಸಾಧನ. ಬಳಿಕ ಪೆರಿಸ್ಕೋಪಿಕ್ ಪ್ರಿಸ್ಮ್ ಕಂಪನಿ ಮತ್ತು ಆಲ್ಡಿಸ್ ಸಂಸ್ಥೆಗಳ ದೂರದರ್ಶಕಗಳು. ತೋಟಾಗಳನ್ನು ಮೇಲಿನಿಂದ ಒಟ್ಟಿಗೆ ತುಂಬಲು ಅಡ್ಡಿಯಾಗಬಾರದೆಂದು ದೂರದರ್ಶಕವನ್ನು ಎಡಕ್ಕೆ ಸರಿಸಿ ಕೂರಿಸಲಾಯಿತು. ಕಂದಕದ ಉಕ್ಕಿನ ಫಲಕದ ಕಿರುಗಂಡಿಯಲ್ಲಿ ನಳಿಗೆ ತೂರಿಸಿದರೆ ದೂರದರ್ಶಕದ ಕಣ್ಣಿಗೆ ಫಲಕವೇ ಅಡ್ಡ! ಶೀಘ್ರ ಗುಂಡುಹಾರಾಟದ ಸೂತ್ರವನ್ನು ಒಂದೇ ಗುಂಡಿಗಾಗಿ ಕಾಯುವವನ ಬಂದೂಕಿಗೂ ಅನ್ವಯಿಸಿದುದರ ಫಲವಿದು. ಈ ದೋಷವನ್ನು ಕಟುವಾಗಿ ಟೀಕಿಸಿದವನು ಝಾನ್ಸಿಯಲ್ಲಿ ಹುಟ್ಟಿದ ಬೇಟೆಗಾರ, ಲೇಖಕ, ಕ್ರಿಕೆಟ್ ಆಟಗಾರ ಹೆಸ್ಕೆತ್-ಪ್ರಿಚರ್ಡ್. ಯುದ್ಧಭೂಮಿಯಲ್ಲಿ ಬಂದೂಕುಗಳನ್ನು ಪರೀಕ್ಷಿಸಿದಾಗ ಅನೇಕ ದೂರದರ್ಶಕಗಳು ನಳಿಗೆಗೆ ಸರಿಯಾಗಿ ಹೊಂದಿಕೆಯಾಗಿಯೇ ಇರಲಿಲ್ಲವೆಂದು ಅವನು ಕಂಡುಕೊಂಡನು. 1916ರಲ್ಲಿ ಅವನು ಸ್ಥಾಪಿಸಿದ ಶಾಲೆಯಲ್ಲಿ ಗುಂಡು ಹಾರಿಸುವುದರಷ್ಟೇ ಒತ್ತು ನೋಡುವುದಕ್ಕೆ, ಬರೆದಿಡುವುದಕ್ಕೆ, ಮರೆಯಾಗುವುದಕ್ಕೆ ಇತ್ತು; ಒಬ್ಬ ನೋಡುವವ, ಒಬ್ಬ ಹೊಡೆಯುವವ ಎಂಬ ಜೋಡಿಯ ಪದ್ಧತಿ ಅಲ್ಲಿ ಬಲಗೊಂಡಿತು.

ಕೆನಡಾದ ರಾಸ್ ರೈಫಲ್‌ನ ಕಥೆ ವಿಟ್ವರ್ತ್‌ನದನ್ನೇ ನೆನಪಿಸುತ್ತದೆ. ಅತ್ಯಂತ ನಿಖರವಾದ ಆ ಬಂದೂಕು ಕಂದಕಗಳ ಕೆಸರಿನಲ್ಲಿ ಸಿಕ್ಕಿಕೊಂಡು ಸಾಮಾನ್ಯ ಸೈನಿಕನ ಪ್ರಾಣಕ್ಕೆ ಎರವಾಯಿತು. 1916ರಲ್ಲಿ ಪದಾತಿಯಿಂದ ಅದನ್ನು ಹಿಂದಕ್ಕೆ ಪಡೆಯಲಾಯಿತು. ಗುರಿಗಾರರು ಮಾತ್ರ ಅದನ್ನು ಬಿಡಲಿಲ್ಲ. ಅರುವತ್ತು ವರ್ಷಗಳ ಹಿಂದೆ ಮಸಿ ಮಾಡಿದ ಕೆಲಸವನ್ನು ಇಲ್ಲಿ ಕೆಸರು ಮಾಡಿತ್ತು.

ಆಯ್ಕೆ ಎಂಬ ಉತ್ತರ

ಕೊನೆಗೆ ಸೈನ್ಯಗಳು ಕಂಡುಕೊಂಡ ಉತ್ತರ ಹೊಸ ಬಂದೂಕಲ್ಲ, ಹಳೆಯ ಬಂದೂಕುಗಳೊಳಗಿನ ಆಯ್ಕೆ. ಒಂದೇ ನಕ್ಷೆಯಂತೆ ಲಕ್ಷಗಟ್ಟಲೆ ತಯಾರಾದ ರೈಫಲ್‌ಗಳಲ್ಲಿಯೂ ಸೂಕ್ಷ್ಮ ವ್ಯತ್ಯಾಸಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಇತರವುಗಳಿಗಿಂತ ಸ್ಪಷ್ಟವಾಗಿ ಮೇಲಾಗಿರುತ್ತವೆ. ಅಂಥವನ್ನು ಹೆಕ್ಕಿ, ದೂರದರ್ಶಕ ಕೂರಿಸಿ, ತರಬೇತಾದವನ ಕೈಗಿತ್ತರೆ ತೋಟಾ, ಬಿಡಿಭಾಗ, ದುರಸ್ತಿ ಎಲ್ಲವೂ ಉಳಿದ ಸೈನ್ಯದೊಡನೆ ಸಮಾನವಾಗಿಯೇ ಇರುತ್ತವೆ. 1918ರಲ್ಲಿ ಬ್ರಿಟನ್ ಸ್ವೀಕರಿಸಿದ, ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯಲ್ಲಿ ತಯಾರಾದ 1914ರ ಮಾದರಿಯ ಗುರಿಗಾರ ರೈಫಲ್ ಈ ಕ್ರಮದ ಫಲ. ಎರಡನೆಯ ಮಹಾಯುದ್ಧದಲ್ಲಿ ಲೀ-ಎನ್‌ಫೀಲ್ಡ್ ನಾಲ್ಕನೆಯ ಮಾದರಿಯಿಂದ ಆಯ್ದ ಬಂದೂಕುಗಳನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಇದೇ ರೀತಿ ಮಾರ್ಪಡಿಸಿತು. ಅದಕ್ಕೆ ಜೋಡಿಸಿದ ದೂರದರ್ಶಕ ಮೂಲತಃ ಬ್ರೆನ್ ಯಂತ್ರಕೋವಿಗಾಗಿ ರೂಪುಗೊಂಡದ್ದು.

ಇಲ್ಲಿ ವಿಟ್ವರ್ತ್‌ನ ಸ್ಥಾನ ಮರುಪರಿಶೀಲನೆಗೆ ಅರ್ಹ. ಅವನ ನಳಿಗೆ ಸೋತಿತು. ಆದರೆ ಏಕರೂಪದ ಭಾಗಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಲು ಸಾಧ್ಯವಾದದ್ದು ಅವನಂಥವರು ಕಾರ್ಖಾನೆಗಳಿಗೆ ಕಲಿಸಿದ ಅಳತೆಯ ಶಿಸ್ತಿನಿಂದ. ಬಿಡಿಯಾಗಿ ತಯಾರಿಸಿದ ದುಬಾರಿ ಬಂದೂಕಿನಲ್ಲಿ ಅವನು ಹುಡುಕಿದ ನಿಖರತೆ, ಅದೇ ಶಿಸ್ತಿನಿಂದ ನಡೆಯುವ ಕಾರ್ಖಾನೆಯ ರಾಶಿಯೊಳಗಿಂದ ಹೆಕ್ಕಿ ತೆಗೆಯಬಹುದಾದ ವಸ್ತುವಾಯಿತು. ಯಾರ ಕೈಗೆ ಎಂಬ ಪ್ರಶ್ನೆಯಂತೂ ಬಂದೂಕಿನೊಡನೆ ಇತ್ಯರ್ಥವಾಗಲಿಲ್ಲ. 1858ರ ಸಿಪಾಯಿಯ ಬಂದೂಕಿನಿಂದ ಗೀರುಗಳನ್ನು ತೆಗೆದ ನಿರ್ಧಾರವೂ, ಆಯ್ದ ರೈಫಲ್ ಅನ್ನು ಆಯ್ದ ಗುರಿಗಾರನಿಗೆ ಕೊಟ್ಟ ನಿರ್ಧಾರವೂ ಒಂದೇ ಆಡಳಿತದ ಕಡತಗಳಿಂದ ಹೊರಟವು. ಸೈನಿಕ ತಂತ್ರಜ್ಞಾನದ ಇತಿಹಾಸವನ್ನು ಭಾರತದಿಂದ ಬರೆಯುವವರು ಈ ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ಓದಬೇಕಾಗಿದೆ.